ಕಳ್ಳಜೇಬಿನಿಂದ ತೆಗೆದ ಹಾಳೆ

ಮೊನ್ನೆ ದೊಡ್ಡವಳ ಹೊಸ ಸೂಟ್‌ಕೇಸಿನ ಜಿಪ್ ಅರ್ಧದಲ್ಲೇ ಕಚ್ಚಿಕೊಂಡು ನಿಂತಿತು. ನಿಮ್ಮಮ್ಮ ಹೊಲಿಗೆ ಮಿಷನ್ನಿನ ಎಣ್ಣೆ ಶೀಶೆ ಹುಡುಕಿ ತಂದು ಎರಡು ಹನಿ ಬಿಟ್ಟಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಹಿತ್ತಲಿಗೆ ಹೋದೆ. ಅಲ್ಲಿ ಏನೂ ಕೆಲಸವಿರಲಿಲ್ಲ. ಮತ್ತೆ ಒಳಗೆ ಬಂದೆ. "ಏನಜ್ಜಿ, ಏನ್ ಹುಡುಕ್ತಿದ್ದೀಯಾ?" ಎಂದು ಚಿಕ್ಕವನು ಕೇಳಿದ. ಏನೂ ಇಲ್ಲ ಎಂದೆ. ಏನೂ ಇಲ್ಲ ಅನ್ನುವುದು ನನಗೆ ಮೊದಲಿನಿಂದಲೂ ಸುಲಭ. ಅದಕ್ಕೇ ಇದನ್ನು ಬಾಯಲ್ಲಿ ಹೇಳದೆ ಬರೆಯುತ್ತಿದ್ದೇನೆ.

ಆ ವಾಸನೆ ಮುಳಬಾಗಿಲಿನಲ್ಲಿ ಬಟ್ಟೆ ಹೊಲಿಯುತ್ತಿದ್ದ ಒಬ್ಬ ಹೆಂಗಸಿನದು. ನಾವೆಲ್ಲ ಅವರನ್ನು ಆಪಾ ಎನ್ನುತ್ತಿದ್ದೆವು. ಅವರ ಮಾತಿನಲ್ಲಿ ಅಕ್ಕ ಎಂದರ್ಥ. ಮೈ ತುಂಬ ಮಿಷನ್ ಎಣ್ಣೆಯ ವಾಸನೆ, ಬಾಯಲ್ಲಿ ಯಾವಾಗಲೂ ಒಂದು ಏಲಕ್ಕಿ. ನಮ್ಮ ಹತ್ತಿರ ಕನ್ನಡ, ಗಡಿಯ ಕಡೆಯಿಂದ ಬಂದವರ ಹತ್ತಿರ ತೆಲುಗು, ಮನೆಯವರ ಹತ್ತಿರ ಅವರದೇ ಉರ್ದು. ಸಿಟ್ಟು ಬಂದರೆ ಮೂರನ್ನೂ ಸೇರಿಸಿ ಬೈಯುತ್ತಿದ್ದರು.

ನಿಮ್ಮ ತಾತ ಹೋದಾಗ ನಿಮ್ಮಮ್ಮ ಇನ್ನೂ ಎಂಟನೇ ಕ್ಲಾಸು. ಸುಗಟೂರು ಬಿಟ್ಟು ಮುಳಬಾಗಿಲಿನಲ್ಲಿದ್ದ ನನ್ನ ಅಣ್ಣನ ಮನೆಗೆ ಬಂದೆವು. ಏಳನೇ ಕ್ಲಾಸು ಓದಿದವಳಿಗೆ, ಅದರಲ್ಲೂ ಯಾರಾದರೂ ಮಾತಾಡಿಸಿದರೆ ಸೆರಗು ಹಿಂಡುತ್ತಾ ನಿಲ್ಲುವವಳಿಗೆ, ಎಂಥ ಕೆಲಸ ಸಿಗುತ್ತದೆ? ಅಡುಗೆ ಮಾತ್ರ ಬರುತ್ತಿತ್ತು. ಅಣ್ಣನ ಪರಿಚಯದವರೊಬ್ಬರು ಕೊಲ್ಲಿ ದೇಶದ ಒಂದು ಮನೆಯಲ್ಲಿ ಅಡುಗೆ ಕೆಲಸ ಇದೆ ಎಂದರು. ನಮ್ಮ ಕಡೆಯಿಂದ ಹೆಂಗಸರು ಹಾಗೆ ಹೋಗುತ್ತಿದ್ದ ಕಾಲ. ಪಾಸ್‌ಪೋರ್ಟ್ ಬಂತು. ಎರಡು ರವಿಕೆ, ಎರಡು ಲಂಗ ಹೊಲಿಸಬೇಕಿತ್ತು. ಆಪಾ ಹತ್ತಿರ ಹೋದೆ.

ಆ ದೇಶಗಳಿಗೆ ಹೋಗುವ ಹೆಂಗಸರಿಗೆ ಆಪಾ ಲಂಗದ ಒಳಗೆ ಒಂದು ಕಳ್ಳಜೇಬು ಹೊಲಿದುಕೊಡುತ್ತಿದ್ದರು. ಸೊಂಟದ ಹತ್ತಿರವಲ್ಲ, ಮೊಣಕಾಲಿಗಿಂತ ಕೆಳಗೆ, ಅಂಚಿನ ಮಡಿಕೆಯಲ್ಲಿ. ಸೊಂಟವನ್ನು ಯಾರಾದರೂ ತಡಕುತ್ತಾರೆ, ಕಾಲಿನ ಹತ್ತಿರ ಯಾರೂ ತಡಕುವುದಿಲ್ಲ ಎನ್ನುತ್ತಿದ್ದರು. ಅದರಲ್ಲಿ ಪಾಸ್‌ಪೋರ್ಟಿನ ಮೊದಲ ಪುಟ, ಕೊನೆಯ ಪುಟ ಎರಡನ್ನೂ ಒಂದೇ ಹಾಳೆಯ ಮೇಲೆ ಜೆರಾಕ್ಸ್ ಮಾಡಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಮಡಿಸಿ ಇಡಬೇಕು. ಜೊತೆಗೆ ನಮ್ಮ ದೇಶದ ಎಂಬಸಿಯ ವಿಳಾಸ ಬರೆದ ಚೀಟಿ. ಹೋದ ಮನೆಯವರು ಪಾಸ್‌ಪೋರ್ಟ್ ಇಸಿದುಕೊಂಡರೂ ಈ ಹಾಳೆ ನಮ್ಮ ಮೈಮೇಲೇ ಇರಬೇಕು.

ಆದರೆ ಜೇಬಿಗಿಂತ ಅವರಿಗೆ ಇನ್ನೊಂದು ಮುಖ್ಯವಾಗಿತ್ತು. ಬಟ್ಟೆ ಕೊಡುವ ಮೊದಲು ಎದುರಿಗೆ ನಿಲ್ಲಿಸಿಕೊಂಡು ಬಾಯಿಪಾಠ ಒಪ್ಪಿಸಿಕೊಳ್ಳುತ್ತಿದ್ದರು. ನಮ್ಮ ಹೆಸರು, ತಂದೆಯ ಹೆಸರು ಅಥವಾ ಗಂಡನ ಹೆಸರು, ಊರು, ತಾಲ್ಲೂಕು. ಅವರೇ ಎಂಟು ವರ್ಷ ಅಲ್ಲಿ ದುಡಿದು ಬಂದವರು. ಅವರಿದ್ದ ಮನೆಯಲ್ಲಿ ನಮ್ಮ ಕಡೆಯ ಒಬ್ಬಳು ಹುಡುಗಿ ಇದ್ದಳಂತೆ. ಒಂದು ಬೆಳಿಗ್ಗೆ ಅವಳನ್ನು ಬೇರೆ ಯಾರದೋ ಮನೆಗೆ ಕಳಿಸಿಬಿಟ್ಟರು. ಮತ್ತೆ ಅವಳ ಸುದ್ದಿಯೇ ಇಲ್ಲ. "ಹೆಸರು ಗೊತ್ತಿತ್ತು ನಂಗೆ, ಅಷ್ಟೇ. ಯಾರ ಮಗಳು, ಯಾವ ಊರು, ಏನೂ ಕೇಳಿರಲಿಲ್ಲ. ಎಂಬಸಿಗೆ ಹೋಗಿ ಏನಂತ ಹುಡುಕಿಸ್ಲಿ, ಹೇಳು?" ಇದನ್ನು ಹೇಳುವಾಗ ಮಾತ್ರ ಅವರ ಕಾಲು ಮಿಷನ್ ತುಳಿಯುವುದನ್ನು ನಿಲ್ಲಿಸುತ್ತಿತ್ತು.

ನನ್ನ ಸರದಿ ಬಂತು. ಅಂಗಡಿಯಲ್ಲಿ ಇನ್ನೂ ಮೂವರು ಹೆಂಗಸರು ಕೂತಿದ್ದರು.

"ಹೆಸರು?"

"ನಾರಾಯಣಮ್ಮ."

"ಊರು?"

"ಸುಗಟೂರು. ಕೋಲಾರ ತಾಲ್ಲೂಕು."

"ಯಜಮಾನ್ರ ಹೆಸರು?"

ನಾನು ನೆಲ ನೋಡಿದೆ.

"ಶೌಹರ್ ಕಾ ನಾಮ್?" ಎಂದರು. ಸ್ವಲ್ಪ ತಡೆದು, "ಮೀ ಆಯನ ಪೇರೇಮಮ್ಮಾ?" ಎಂದು ತೆಲುಗಿನಲ್ಲೂ ಕೇಳಿದರು.

ಮಕ್ಕಳೇ, ನೀವು ನಗಬಹುದು. ನಮ್ಮ ಕಾಲದಲ್ಲಿ ಹೆಂಗಸರು ಗಂಡನ ಹೆಸರು ಬಾಯಲ್ಲಿ ಹೇಳುತ್ತಿರಲಿಲ್ಲ. ಮದುವೆಯಾದಾಗಿನಿಂದ ಒಂದು ಸಲವೂ ನಾನು ಹೇಳಿರಲಿಲ್ಲ. ರೇಷನ್ ಕಾರ್ಡಿಗೆ ಕೇಳಿದಾಗಲೂ ನಿಮ್ಮಮ್ಮನ ಕೈಲಿ ಹೇಳಿಸಿದ್ದೆ. ಎದುರು ಅಂಗಡಿಯ ಗೋಡೆಯಲ್ಲಿ ತಿರುಪತಿಯ ಕ್ಯಾಲೆಂಡರ್ ಇತ್ತು. ಅದರ ಕಡೆ ಬೆರಳು ಮಾಡಿ ತೋರಿಸಿದೆ.

"ಅರೆ ಅಲ್ಲಾ! ಅಲ್ಲಿ ನಿಂಗೋಸ್ಕರ ತಿರುಪತಿ ಕ್ಯಾಲೆಂಡರ್ ಯಾರು ನೇತಾಕಿರ್ತಾರೆ? ಪೊಲೀಸ್ನೋನು ಕೇಳಿದ್ರೆ ಏನ್ ತೋರಿಸ್ತೀಯಾ, ಆಕಾಶನಾ?"

ಕೂತಿದ್ದವರೆಲ್ಲ ನಕ್ಕರು. "ಹೇಳಬಾರದು ಆಪಾ, ಅವರ ಆಯಸ್ಸು ಕಮ್ಮಿ..." ಎಂದವಳು ಅಲ್ಲೇ ನಿಲ್ಲಿಸಿದೆ.

ನಗು ನಿಂತುಹೋಯಿತು. ಆಪಾ ಕತ್ತರಿ ಕೆಳಗಿಟ್ಟರು. "ಅವರದು ಇನ್ನೇನ್ ಕಮ್ಮಿ ಆಗ್ತದೆ ತಂಗಿ," ಎಂದರು ಮೆಲ್ಲಗೆ. "ಈಗ ನಿಂದು ನೋಡ್ಕೋ."

ಅವರು ಹಾಗೆ ಮೆತ್ತಗೆ ಹೇಳಿದ್ದು ನನಗೆ ಇನ್ನೂ ಕಷ್ಟವಾಯಿತು. ಹೆಸರು ಹೇಳುವವರೆಗೆ ಬಟ್ಟೆ ಕೊಡುವುದಿಲ್ಲ ಎಂದು ಕಳಿಸಿದರು. ಮಾರನೇ ದಿನ ನಾನು ಹೋಗಲೇ ಇಲ್ಲ, ನಿಮ್ಮಮ್ಮನನ್ನು ಕಳಿಸಿದೆ. ಮಗುವಿನ ಕೈಯಲ್ಲಿ ಬಟ್ಟೆ ಕೊಡದೆ ಇರಲು ಅವರಿಗೆ ಮನಸ್ಸಾಗಲಿಲ್ಲ. ಜೇಬಿನಲ್ಲಿ ಹಾಳೆಯನ್ನೂ ಚೀಟಿಯನ್ನೂ ಅವರೇ ಇಟ್ಟು, ಬಾಯಿಗೆ ಒಂದು ಒತ್ತುಗುಂಡಿ ಹಾಕಿ ಕಳಿಸಿದ್ದರು.

ಇಷ್ಟೇ ಆಗಿದ್ದರೆ ಚೆನ್ನಾಗಿತ್ತು. ಹೊರಡುವ ಹಿಂದಿನ ದಿನ ಲಂಗ ಉಟ್ಟು ನೋಡಿದೆ. ನಡೆದಾಗ ಹಾಳೆ ಕಾಲಿಗೆ ತಾಗುತ್ತಿತ್ತು. ತೆಗೆದು ಬಿಡಿಸಿದೆ. ಕೊನೆಯ ಪುಟದ ಜೆರಾಕ್ಸಿನಲ್ಲಿ ನಿಮ್ಮ ತಾತನ ಹೆಸರಿತ್ತು. ಬಾಯಲ್ಲೇ ಹೇಳದ ಹೆಸರನ್ನು ಲಂಗದ ಅಂಚಿನಲ್ಲಿ, ಪಾದಕ್ಕೆ ತಾಗುವಂತೆ ಕಟ್ಟಿಕೊಂಡು ತಿರುಗುವುದೇ? ಹಾಳೆಯನ್ನು ತೆಗೆದು ದೇವರ ಪಟದ ಹಿಂದೆ ಸಿಕ್ಕಿಸಿ, ಪಟವನ್ನು ಸೂಟ್‌ಕೇಸಿನೊಳಗೆ ಬಟ್ಟೆಗಳ ಮೇಲೆ ಇಟ್ಟೆ. ಜೇಬಿನಲ್ಲಿ ಉಳಿದದ್ದು ವಿಳಾಸದ ಚೀಟಿ ಮಾತ್ರ.

ಹೋದ ದಿನವೇ ಆ ಮನೆಯ ಯಜಮಾನಿ ಪಾಸ್‌ಪೋರ್ಟ್ ಇಸಿದುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಸೂಟ್‌ಕೇಸನ್ನು ಉಗ್ರಾಣದಲ್ಲಿ ಇಡಿಸಿದಳು. ಅವಳೇನೂ ಹೊಡೆಯಲಿಲ್ಲ, ಬಡಿಯಲಿಲ್ಲ. ಹೊರಗಿನ ಬಾಗಿಲು ಮಾತ್ರ ಯಾವಾಗಲೂ ಹಾಕಿರುತ್ತಿತ್ತು. ಒಂದು ವರ್ಷದ ಮೇಲೆ ಎರಡು ತಿಂಗಳು ಹಾಗೇ ಕಳೆಯಿತು. ಒಂದು ದಿನ ಬೆಳಿಗ್ಗೆ ತಿಂಡಿಯ ಹೊತ್ತಿಗೆ, ನಾಳೆಯಿಂದ ನೀನು ಬೇರೊಂದು ಊರಿನ ಮನೆಗೆ ಹೋಗಬೇಕು, ಸೂಟ್‌ಕೇಸು ಆಮೇಲೆ ಬರುತ್ತದೆ ಎಂದು ಕೈಸನ್ನೆಯಲ್ಲೂ, ಅಷ್ಟು ಹೊತ್ತಿಗೆ ನನಗೆ ಅಷ್ಟಿಷ್ಟು ತಿಳಿಯುತ್ತಿದ್ದ ಅವರ ಮಾತಿನಲ್ಲೂ ಹೇಳಿದಳು. ಯಾರ ಮನೆ, ಯಾವ ಊರು, ಏನೂ ಇಲ್ಲ.

ಆಪಾ ಹೇಳಿದ್ದ ಆ ಹುಡುಗಿಯ ನೆನಪಾಯಿತು. ಕೈಯಲ್ಲಿದ್ದ ಸೌಟು ಬಿಸಿಯೋ ತಣ್ಣಗೋ ತಿಳಿಯಲಿಲ್ಲ.

ಕಸ ಹಾಕಲು ಬಾಗಿಲು ತೆಗೆದಾಗ ಚೀಲ ಹಿಡಿದು ಹೊರಟವಳು ಹಿಂದೆ ತಿರುಗಲಿಲ್ಲ. ಬೀದಿಯ ಕೊನೆಯ ದಿನಸಿ ಅಂಗಡಿಯಲ್ಲಿ ಒಬ್ಬಾತ ಫೋನಿನಲ್ಲಿ ತೆಲುಗು ಮಾತಾಡುತ್ತಿದ್ದ. ಅವನೆದುರು ಚೀಟಿ ಹಿಡಿದೆ. ಮದನಪಲ್ಲಿಯ ಕಡೆಯವನಂತೆ. "ನುವ್ವು ಏಡವಾಕಮ್ಮಾ, ಎಕ್ಕು," ಎಂದು ಟ್ಯಾಕ್ಸಿ ನಿಲ್ಲಿಸಿ ಹತ್ತಿಸಿದ. ಅಳಬೇಡ, ಹತ್ತು ಎಂದ. ನಾನು ಅಳುತ್ತಿದ್ದೇನೆ ಎಂದು ನನಗೆ ಗೊತ್ತಾದದ್ದೇ ಆಗ.

ಎಂಬಸಿಯಲ್ಲಿ ಗಾಜಿನ ಕಿಟಕಿಯ ಹಿಂದೆ ಒಬ್ಬರು ಕೂತಿದ್ದರು. ಹೆಸರು ಕೇಳಿದರು, ಹೇಳಿದೆ. ನಮ್ಮ ಕಡೆಯಿಂದ ಕೆಲಸಕ್ಕೆ ಬಂದವರ ಪಟ್ಟಿಯಲ್ಲಿ ನಾರಾಯಣಮ್ಮಂದಿರು ಇನ್ನೂ ಕೆಲವರಿದ್ದರು, ಗಂಡನ ಹೆಸರಿನಿಂದಲೇ ಗುರುತು ಹಿಡಿಯಬೇಕಿತ್ತು. ಕಾಗದ ಇದೆಯಾ ಎಂದು ಸನ್ನೆ ಮಾಡಿದರು. ನನ್ನ ಕೈ ಲಂಗದ ಅಂಚಿನವರೆಗೆ ಹೋಗಿ ವಾಪಸು ಬಂತು. ಗಂಡನ ಹೆಸರು ಕೇಳಿದರು. ಬಾಯಿ ತೆರೆದೆ. ಗಾಳಿ ಬಂತು, ಶಬ್ದ ಬರಲಿಲ್ಲ. ಇನ್ನೊಮ್ಮೆ ಕೇಳಿದರು. ಆಮೇಲೆ ಪಕ್ಕಕ್ಕೆ ಕೂರಲು ಹೇಳಿ ಹಿಂದಿನವರನ್ನು ಕರೆದರು.

ಎಷ್ಟು ಹೊತ್ತು ಕೂತಿದ್ದೆನೋ... ಬಾಗಿಲ ಗಾಜಿನಿಂದಾಚೆ ಆ ಮನೆಯ ಡ್ರೈವರು ಕಾರಿನಿಂದ ಇಳಿದು ಕಾವಲಿನವನ ಹತ್ತಿರ ಏನೋ ಹೇಳುತ್ತಿದ್ದದ್ದು ಕಂಡಿತು. ಕೈಯಲ್ಲಿ ಏನೋ ಕಾಗದವಿತ್ತು, ನನ್ನ ಪಾಸ್‌ಪೋರ್ಟೇ ಇರಬೇಕು. ಅವನ ಹತ್ತಿರ ನನ್ನ ಗುರುತಿತ್ತು, ನನ್ನ ಹತ್ತಿರ ಇರಲಿಲ್ಲ. ಎದ್ದು ಕಿಟಕಿಯ ಹತ್ತಿರ ಹೋದೆ. ಸಾಲು ಮುರಿದೆ ಎಂದು ಯಾರೋ ಬೈದರು. ಈ ಸಲ ಯಾರೂ ಕೇಳುವ ಮೊದಲೇ, "ವೆಂಕಟರಮಣಪ್ಪ" ಎಂದೆ. ಮತ್ತೆ ಹೇಳಿದೆ. ಮೂರನೇ ಸಲ ಎಷ್ಟು ಜೋರಾಗಿ ಹೇಳಿದೆನೆಂದರೆ ಇಡೀ ಸಾಲು ತಿರುಗಿ ನೋಡಿತು. ಒಳಗಿದ್ದವರು ಪಟ್ಟಿಯ ಮೇಲೆ ಬೆರಳು ಇಳಿಸುತ್ತಾ ಬಂದು ಒಂದು ಕಡೆ ನಿಲ್ಲಿಸಿದರು. "ಸುಗಟೂರು?" ಎಂದರು. ಪಕ್ಕದ ಬಾಗಿಲು ತೆಗೆದು ನನ್ನನ್ನು ಒಳಗೆ ಕರೆದುಕೊಂಡರು. ಡ್ರೈವರು ಹೊರಗೇ ಉಳಿದ.

ಮೂರು ವಾರದ ನಂತರ ಊರಿಗೆ ಬಂದೆ. ಮುಳಬಾಗಿಲಿನಲ್ಲಿ ಇಳಿದ ಮಾರನೇ ದಿನವೇ ಆಪಾ ಹತ್ತಿರ ಹೋದೆ. ಅವರು ಮಿಷನ್ ಬಿಟ್ಟು ಎದ್ದು ಬಂದು ನನ್ನ ಎರಡೂ ಕೆನ್ನೆ ಹಿಡಿದುಕೊಂಡರು. "ನಂ ಜೇಬು ಕೆಲಸಕ್ಕೆ ಬಂತಾ?" ಎಂದು ಕೇಳಿದರು. ಕಣ್ಣಲ್ಲಿ ಅಂಥ ಆಸೆ. ಎಲ್ಲ ಹೇಳಬೇಕೆಂದೇ ಹೋಗಿದ್ದೆ. ಹಾಳೆ ತೆಗೆದದ್ದು ಹೇಳಬೇಕು, ಯಾಕೆ ತೆಗೆದೆ ಎಂದು ಹೇಳಬೇಕು, ನಿಮಗೆ ಮೋಸ ಮಾಡಿ ಮಗಳ ಕೈಲಿ ಬಟ್ಟೆ ತರಿಸಿದೆ ಎಂದು ಹೇಳಬೇಕು... ಅಂಗಡಿಯಲ್ಲಿ ಜನರಿದ್ದರು. "ಬಂತು ಆಪಾ," ಎಂದೆ.

ಅಷ್ಟು ಸಾಕಾಯಿತು. ಬಂದವರಿಗೆಲ್ಲ ನನ್ನ ಕಥೆ ಹೇಳತೊಡಗಿದರು. ಒಂದೆರಡು ವರ್ಷದ ಮೇಲೆ ಒಂದು ಮಧ್ಯಾಹ್ನ ನಾನು ರವಿಕೆ ಕಣ ಹಿಡಿದು ಅಲ್ಲಿ ಕೂತಿದ್ದಾಗ ಶ್ರೀನಿವಾಸಪುರದ ಕಡೆಯ ಒಬ್ಬಳು ಹುಡುಗಿ ಬಂದಳು. ಇಪ್ಪತ್ತು ದಾಟಿರಲಾರದು. ಹಸಿರು ಬಳೆ, ಸಣ್ಣ ದನಿ, ಯಾರ ಕಡೆಯೂ ನೋಡುತ್ತಿರಲಿಲ್ಲ. ನನ್ನನ್ನೇ ನೋಡಿದ ಹಾಗಾಯಿತು. ಅವಳೂ ಅಲ್ಲಿಗೇ ಹೊರಟವಳು. ಆಪಾ ಊರು ಕೇಳಿದರು, ತಂದೆಯ ಹೆಸರು ಕೇಳಿದರು. ಹುಡುಗಿ ತಲೆ ಬಗ್ಗಿಸಿ ಏನೋ ಗೊಣಗಿದಳು. ಏನೆಂದು ಕೇಳಿಸಲಿಲ್ಲ. ಮೊದಲಾಗಿದ್ದರೆ ಆಪಾ ಬಿಡುತ್ತಿರಲಿಲ್ಲ. ಆ ದಿನ ನನ್ನ ಕಡೆ ಕೈ ತೋರಿಸಿ, "ಹೋಗ್ಲಿ ಬಿಡಮ್ಮಾ. ಇವಳನ್ನ ನೋಡು, ಇವಳೂ ನಿನ್ ಥರಾನೇ ಮೂಗಿ. ಜೇಬೇ ಮನೆಗೆ ಕರ್ಕೊಂಡ್ ಬಂತು," ಎಂದರು.

ನಾನು ಬಾಯಿ ತೆರೆದೆ. ಹುಡುಗಿ ನನ್ನ ಮುಖ ನೋಡಿ ಮೊದಲ ಸಲ ಸ್ವಲ್ಪ ನಕ್ಕಳು. ಬಾಯಿ ಮುಚ್ಚಿದೆ. ಅವಳು ಬಟ್ಟೆ ತೆಗೆದುಕೊಂಡು ಹೋದಳು. ಎದ್ದು ಅವಳ ಹಿಂದೆ ಓಡಬಹುದಿತ್ತು. ಬಸ್ ನಿಲ್ದಾಣ ಅಲ್ಲೇ ಇತ್ತು...

ಆರು ತಿಂಗಳು ಬಿಟ್ಟು ಅವಳ ಬಗ್ಗೆ ಕೇಳಿದೆ. ಸುದ್ದಿ ಬಂದಿಲ್ಲ ಎಂದರು ಆಪಾ. ಮತ್ತೊಮ್ಮೆ ಕೇಳಿದೆ. ಬಂದಿಲ್ಲ. ಅಷ್ಟರಲ್ಲಿ ನಿಮ್ಮಮ್ಮನ ಮದುವೆಯಾಗಿ ನಾನು ಕೋಲಾರಕ್ಕೆ ಬಂದೆ. ಬಸ್ಸಿನಲ್ಲಿ ಮುಳಬಾಗಿಲೇನು ದೂರವಲ್ಲ. ಹೋಗಲಿಲ್ಲ, ಅಷ್ಟೇ.

ಎಣ್ಣೆಯ ವಾಸನೆ ಬಂದ ಮಾರನೇ ದಿನ ಯಾರಿಗೂ ಹೇಳದೆ ಮುಳಬಾಗಿಲಿನ ಬಸ್ ಹತ್ತಿದೆ. ದೇವಸ್ಥಾನಕ್ಕೆ ಹೋಗಿದ್ದೆ ಎಂದು ನಿಮಗೆ ಹೇಳಿದ್ದು ಸುಳ್ಳು. ಆಪಾ ಅಂಗಡಿ ಇದ್ದ ಜಾಗದಲ್ಲಿ ಈಗ ಮೊಬೈಲ್ ರಿಪೇರಿ ಮಾಡುತ್ತಾರೆ. ಹಿಂದಿನ ಬೀದಿಯ ಮನೆಯಲ್ಲಿ ಸೊಸೆ ಬಾಗಿಲು ತೆಗೆದಳು. ಆಪಾ ಹೋಗಿ ಎರಡು ವರ್ಷವಾಯಿತಂತೆ. ಕೂರಿಸಿ ಚಹಾ ಕೊಟ್ಟಳು. ಹೆಸರು ಕೇಳಿದಳು. ಹೇಳಿದೆ.

"ಸುಗಟೂರು ನಾರಾಯಣಮ್ಮ ನೀವೇನಾ? ಅಮ್ಮಿ ಸಾಯೋವರ್ಗೂ ನಿಮ್ಮ ಕಥೆ ಹೇಳೋರು. ನಾನು ಹೊಲಿದ ಜೇಬು ಒಬ್ಬಳನ್ನ ವಾಪಸ್ ತಂತು ಅಂತ."

ಶ್ರೀನಿವಾಸಪುರದ ಹುಡುಗಿಯ ವಿಷಯ ಕೇಳಿದೆ. "ಎಷ್ಟೋ ಜನ ಬರ್ತಿದ್ರು, ಯಾರು ಅಂತ ಹೇಳ್ಲಿ ಅಮ್ಮಾ?" ಎಂದಳು. ಅವಳ ಹೆಸರೇನು ಎಂದು ನನ್ನನ್ನೇ ಕೇಳಿದಳು. ನನಗೆ ಗೊತ್ತಿರಲಿಲ್ಲ. ಆ ದಿನ ಅಂಗಡಿಯಲ್ಲಿ ಎರಡು ಮಾರು ದೂರದಲ್ಲಿ ಕೂತಿದ್ದೆ, ಹೆಸರು ಕೇಳಿರಲಿಲ್ಲ. ಚಹಾ ಕುಡಿದು ಎದ್ದೆ. ಹಾಳೆಯ ವಿಷಯ ಸೊಸೆಗೂ ಹೇಳಲಿಲ್ಲ.

ದೊಡ್ಡವಳೇ, ಸೋಮವಾರ ನೀನು ಜರ್ಮನಿಗೆ, ನರ್ಸ್ ಕೆಲಸಕ್ಕೆ ಹೊರಡುತ್ತೀಯ. ನಿನ್ನೆ ನಾನು ವಿಳಾಸ ಬಾಯಿಪಾಠ ಮಾಡಿದ್ದೀಯಾ ಎಂದು ನಾಲ್ಕು ಸಲ ಕೇಳಿದಾಗ, "ಅಯ್ಯೋ ಅಜ್ಜಿ, ಎಲ್ಲಾ ಫೋನಲ್ಲಿದೆ, ಸುಮ್ನಿರು" ಎಂದು ರೇಗಿದೆ. ನೀನು ಓದಿದವಳು, ನನ್ನ ಹಾಗೆ ಮೂಗಿಯಲ್ಲ, ನಿನ್ನ ದೇಶವೂ ಬೇರೆ. ಆದರೂ ನನಗೆ ಕೂರಲಾಗುತ್ತಿಲ್ಲ. ಇದನ್ನು ಓದಿದ ಮೇಲೆ ನನ್ನ ಹತ್ತಿರ ಬಾ. ಫೋನನ್ನು ಒಳಗಿಟ್ಟು ಬಾ. ನೀನಿರುವ ಬೀದಿ, ಎಂಬಸಿ ಇರುವ ಊರು, ನಿನ್ನಪ್ಪನ ನಂಬರು, ಎಲ್ಲವನ್ನೂ ಬಾಯಲ್ಲಿ ಹೇಳು. ಜೊತೆಗಿರುವ ಹುಡುಗಿಯರ ಊರು ಕೇಳಿಟ್ಟುಕೋ.

ನನ್ನನ್ನು ಉಳಿಸಿದ್ದು ಜೇಬಿನ ಹಾಳೆಯಲ್ಲ, ಬಾಯಲ್ಲಿ ಹೇಳಿದ ಹೆಸರು ಎಂದು ಆಪಾ ಹತ್ತಿರ ಒಂದು ಮಾತು ಹೇಳಿದ್ದರೆ ಅವರು ಆ ಹುಡುಗಿಯನ್ನು ಹಾಗೇ ಕಳಿಸುತ್ತಿರಲಿಲ್ಲ. ಹೇಳಲು ಈಗ ಅವರಿಲ್ಲ. ಆ ಹುಡುಗಿ ವಾಪಸು ಬಂದಳೋ ಇಲ್ಲವೋ ನನಗೆ ಗೊತ್ತಿಲ್ಲ.