ಎಲೆ ಬಿಟ್ಟು ಎದ್ದವರು

ಹೊನ್ನಾಳಿಯ ನಮ್ಮ ಮನೆ ಮಾರಾಟವಾದ ವರ್ಷ ನನಗೆ ಇಪ್ಪತ್ತೊಂದು. ಅಪ್ಪ ತೀರಿಕೊಂಡು ಆರು ತಿಂಗಳಾಗಿತ್ತು. ನ್ಯಾಮತಿಯಲ್ಲಿದ್ದ ಚಿಕ್ಕಪ್ಪ ಒಂದು ಮಧ್ಯಾಹ್ನ ಬಂದರು, ಅವ್ವ ಬಡಿಸಿದ್ದನ್ನು ಉಂಡರು, ಉಣ್ಣುತ್ತಲೇ ಮಾತು ಕೊಟ್ಟರು: "ಅತ್ತಿಗೆ, ಯಾರಿಗೆ ಮಾರಿದ್ರೂ ಹಿಂದಿನ ಕೋಣೆ ಮಾತ್ರ ನಿಮ್ದೇ. ಇರೋ ತನಕ ಇರ್ರಿ." ಅವ್ವ ನಂಬಿ ಕಾಗದಕ್ಕೆ ರುಜು ಹಾಕಿದಳು. ಹದಿನೈದು ದಿನಕ್ಕೆ ಕೋಣೆಯನ್ನೂ ಖಾಲಿ ಮಾಡಿ ಅಂತ ಹೇಳಿ ಕಳಿಸಿದರು. ಅಷ್ಟೇ ಆಗಿದ್ದರೆ ಅತ್ತು ಸುಮ್ಮನಾಗುತ್ತಿದ್ದೆನೇನೋ. ಆದರೆ ಅವರು ಬೀದಿಯ ತುಂಬಾ, "ಅತ್ತಿಗೇನೇ ತವರಿಗೆ ಹೋಗ್ತೀನಿ ಅಂತ ಹಟ ಹಿಡಿದಾರೆ" ಎಂದು ಹೇಳಿಕೊಂಡು ತಿರುಗಿದ್ದರು.

ಅದರ ಮೇಲೆ ಇನ್ನೊಂದು ಅಪ್ಪಣೆ. ಮನೆ ಕೊಂಡ ಸವಳಂಗದ ವ್ಯಾಪಾರಿ ಭಾನುವಾರ ಸಂಜೆ ಬರುತ್ತಾರೆ, ಚೆನ್ನಾಗಿ ಅಡಿಗೆಯಾಗಲಿ, ಮನೆಯವರಲ್ಲಿ ಮನಸ್ತಾಪ ಇದೆ ಅಂತ ಅವರಿಗೆ ಅನ್ನಿಸಬಾರದು.

ಶನಿವಾರ ಬೆಳಿಗ್ಗೆ ಜೋಳದ ಡಬ್ಬಿ ಹೊತ್ತು ಹಿಟ್ಟಿನ ಗಿರಣಿಗೆ ಹೋದೆ. ಹಿಟ್ಟು ಬೀಳುವವರೆಗೆ ನಿಂತು, "ಅಕ್ಕಾ, ನಾಳೆ ಸಂಜೆ ನಮ್ಮನ್ಯಾಗೆ ಊಟ. ಮನೆ ಬಿಡಾಕೆ ಹತ್ತೀವಿ, ತಪ್ಪಿಸಬ್ಯಾಡ್ರಿ" ಎಂದು ಗಿರಣಿಯ ಅಕ್ಕನನ್ನು ಕರೆದೆ. ಎಣ್ಣೆ ತರಲು ಹೋದಲ್ಲಿ ಅಂಗಡಿಯವರನ್ನು, ಬದನೆಕಾಯಿ ಕೊಂಡಲ್ಲಿ ಅಜ್ಜಿಯನ್ನು, ಬರುವ ದಾರಿಯಲ್ಲಿ ಪಕ್ಕದ ಮನೆಯ ನಿವೃತ್ತ ಹೆಡ್ಮಾಸ್ತರನ್ನು, ಬೀದಿಯ ಇನ್ನೂ ಆರು ಮಂದಿಯನ್ನು ಕರೆದೆ. ಅವ್ವನಿಗೆ ಏನೂ ಹೇಳಲಿಲ್ಲ. ಹೆಡ್ಮಾಸ್ತರಿಗೆ ಮಾತ್ರ ಇಷ್ಟು ಹೇಳಿದ್ದೆ: "ಊಟಕ್ಕೆ ಕುಂತಾಗ ಅವ್ವನ್ನ ಒಂದು ಮಾತು ಕೇಳ್ರಿ, ತವರಿಗೆ ಯಾಕೆ ಹೊಂಟೀಯ ಅಂತ."

ಭಾನುವಾರ ಬೆಳಿಗ್ಗೆಯಿಂದ ಒಲೆ ಮುಂದೆ ಕೂತೆ. ರೊಟ್ಟಿ, ಎಣ್ಣೆಗಾಯಿ, ಹೆಸರುಕಾಳು ಪಲ್ಯ, ಶೇಂಗಾ ಚಟ್ನಿ, ಶಾವಿಗೆ ಪಾಯಸ. ಅಷ್ಟು ಮನಸ್ಸಿಟ್ಟು ನಾನು ಮತ್ತೆಂದೂ ಅಡಿಗೆ ಮಾಡಿಲ್ಲ.

ದೀಪ ಹಚ್ಚುವ ಹೊತ್ತಿಗೆ ಪಡಸಾಲೆಯಲ್ಲಿ ಹನ್ನೆರಡು ಎಲೆ. ಅಷ್ಟು ಜನರನ್ನು ಕಂಡು ಚಿಕ್ಕಪ್ಪ ಹುಬ್ಬು ಗಂಟಿಕ್ಕಿದರು, ಆದರೆ ವ್ಯಾಪಾರಿಯ ಎದುರು ಏನನ್ನಲೂ ಆಗಲಿಲ್ಲ. ಮೊದಲ ರೊಟ್ಟಿ ಮುರಿದ ಹೆಡ್ಮಾಸ್ತರು ಕೇಳಿಯೇಬಿಟ್ಟರು. "ಏನವ್ವಾ, ನೀನೇ ತವರಿಗೆ ಹೋಗ್ತೀನಿ ಅಂದ್ಯಂತೆ? ನಮ್ಮ ಬೀದಿ ಬ್ಯಾಸರಾತೇನು?"

ಮೈದುನನ ಎದುರು ಎಂದೂ ಬಾಯಿ ತೆರೆಯದ ಅವ್ವ ನೆಲ ನೋಡಿದಳು. ನಾನೇ ಹೇಳಿದೆ. "ಅವ್ವ ಅಂದಿಲ್ರಿ. ಹಿಂದಿನ ಕೋಣೆ ನಿಮ್ದೇ ಅಂತ ಚಿಕ್ಕಪ್ಪ ಮಾತು ಕೊಟ್ಟು ರುಜು ಹಾಕಿಸ್ಕೊಂಡ್ರು. ಈಗ ಹೊರಗೆ ಹಾಕಾಕೆ ಹತ್ಯಾರೆ."

"ಕೋಣೆ ಮಾತು ನನಗ್ಯಾರೂ ಹೇಳೇ ಇಲ್ಲ," ಎಂದರು ವ್ಯಾಪಾರಿ.

"ಊಟದ ಹೊತ್ನಾಗೆ ಇದೆಲ್ಲ ಯಾಕೇ?" ಚಿಕ್ಕಪ್ಪ ಗದರಿದರು.

"ಊಟದ ಹೊತ್ನಾಗೇ ಅಲ್ವಾ ನೀವು ಮಾತು ಕೊಟ್ಟಿದ್ದು?"

ಹೆಡ್ಮಾಸ್ತರು ಕೈಯಲ್ಲಿದ್ದ ತುತ್ತನ್ನು ಎಲೆಯಲ್ಲಿಟ್ಟು ಎದ್ದರು. ಗಿರಣಿಯ ಅಕ್ಕ ಎದ್ದಳು. ಒಬ್ಬೊಬ್ಬರಾಗಿ ಎಲ್ಲರೂ ಎದ್ದು ಕೈ ತೊಳೆದರು, ಕೊನೆಗೆ ವ್ಯಾಪಾರಿಯೂ. ಹನ್ನೊಂದು ಎಲೆಗಳ ನಡುವೆ ಚಿಕ್ಕಪ್ಪ ಒಬ್ಬರೇ ಉಳಿದರು. ನಾನು ಬಗ್ಗಿ ಇನ್ನೊಂದು ಎಣ್ಣೆಗಾಯಿ ಹಾಕಿದೆ. "ಉಣ್ರಿ ಚಿಕ್ಕಪ್ಪಾ. ನಿಮಗೋಸ್ಕರಾನೇ ಮಾಡಿದ್ದು."

ಅವರು ಹೋದ ಮೇಲೆ ಅವ್ವ ಬೈದಳು. "ಅನ್ನದ ಮುಂದೆ ಹಿಂಗೆ ಮಾಡಬಾರದಿತ್ತು." ಬೈದು, ಕೂತು, ಎರಡು ರೊಟ್ಟಿ ಉಂಡಳು, ಅಪ್ಪ ಹೋದ ಮೇಲೆ ಅಷ್ಟು ಉಂಡಿದ್ದನ್ನು ನಾನು ನೋಡಿರಲಿಲ್ಲ.

ಮನೆಯೇನೂ ಉಳಿಯಲಿಲ್ಲ. ರುಜು ರುಜುವೇ. ನಾಲ್ಕನೇ ದಿನ ಎರಡು ಟ್ರಂಕು ಹೇರಿಕೊಂಡು ಜಗಳೂರಿನ ಸೋದರಮಾವನ ಮನೆ ಸೇರಿದೆವು. ಎರಡು ವರ್ಷದ ನಂತರ ಚಿಕ್ಕಪ್ಪನ ಮಗಳ ಮದುವೆಗೆ ನಮ್ಮ ಬೀದಿಯಿಂದ ಒಬ್ಬರೂ ಹೋಗಲಿಲ್ಲವಂತೆ. ಕೇಳಿ ಹಿಗ್ಗಿದೆ. ಆ ಹುಡುಗಿ ಬಾಗಿಲಲ್ಲಿ ನಿಂತು ದಾರಿ ನೋಡಿದಳು ಎಂದು ಕೇಳಿದಾಗ ಮಾತ್ರ ಹಿಗ್ಗು ಸ್ವಲ್ಪ ಇಳಿಯಿತು. ಅವಳು ನನಗೇನೂ ಮಾಡಿರಲಿಲ್ಲ.

ಎಂಬತ್ತರ ದಶಕದಲ್ಲಿ ಚನ್ನಗಿರಿಯಲ್ಲಿ ನನಗೆ ಶಿಕ್ಷಕಿ ಕೆಲಸ ಸಿಕ್ಕಿತು. ಒಂದು ದಿನ ಅಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಚಿಕ್ಕಪ್ಪ ಕಂಡರು. ಕೋಲು ಹಿಡಿದಿದ್ದರು, ಮೈ ಇಳಿದುಹೋಗಿತ್ತು. ನನ್ನನ್ನು ನೋಡಿದವರೇ ತಿರುಗಿ ಕಂಬದ ಆಚೆ ನಿಂತರು. ಮಾತಾಡಿಸಬಹುದಿತ್ತು. ಅವರ ಬಸ್ಸು ಬರುವವರೆಗೂ ಅವರನ್ನೇ ನೋಡುತ್ತಾ ನಿಂತೆ.