ಕೊಡದ ನೀರಿನಲ್ಲಿ ಬುದ್ಧಿ ಅಳೆಯುವ ಇಂದುಬಾಯಿ

ಮಬ್ಬು ಬೆಳಕಿನಲ್ಲಿ ಲಿಂಬೆಯ ಎಲೆ ಯಾವುದು, ಮುಳ್ಳು ಯಾವುದು ತಿಳಿಯುವುದಿಲ್ಲ. ನನ್ನ ಅಂಗಿಯ ತೋಳು ಆಗಲೇ ಎರಡು ಕಡೆ ಹರಿದಿದೆ. ಇಂಡಿಯಿಂದ ಆಲಮೇಲದ ಕಡೆಗೆ ಹೋಗುವ ರಸ್ತೆಯ ಮಗ್ಗುಲಲ್ಲಿರುವ ಈ ತೋಟದಲ್ಲಿ ಹತ್ತು ಹೆಣ್ಣುಮಕ್ಕಳು ಸೀರೆಯ ಮೇಲೆ ಗಂಡಸರ ಹಳೆಯ ತುಂಬುತೋಳಿನ ಅಂಗಿ ತೊಟ್ಟು, ತಲೆಗೆ ಟಾವೆಲ್ ಸುತ್ತಿ, ಕೊಕ್ಕೆ ಕಟ್ಟಿದ ಬಿದಿರು ಹಿಡಿದು ನಿಂತಿದ್ದಾರೆ. ಅವರೆದುರು ನಿಂತಿರುವ ಇಂದುಬಾಯಿ ಹಾಜರಿ ಕರೆಯುವುದಿಲ್ಲ. ಒಬ್ಬೊಬ್ಬರ ಮುಖ ನೋಡುತ್ತಾರೆ, ಗಿಡ ಹಂಚುತ್ತಾರೆ.

"ನೀಲವ್ವ, ಬಾಂವಿ ಕಡೆ ಎತ್ತರದ ಗಿಡ ನಿಂದು. ಲಾಲಬಿ, ನೀ ನಡುವಿನ ಸಾಲಿಗೆ ಹೋಗು, ಹಾಡು ಎರಡೂ ಕಡೆ ಕೇಳಬೇಕು. ಐಶ್ವರ್ಯ, ಇವತ್ತ ಬಿದಿರು ಮುಟ್ಟಬ್ಯಾಡ, ಚೀಲದ ಹತ್ರ ಕುಂಡರು. ರಾತ್ರಿ ನಿದ್ದಿ ಮಾಡಿಲ್ಲ ನೀ, ಮುಖ ಹೇಳತೈತಿ. ಸುನಂದಾ, ನೀ ಎಂದಿನಂಗ ಬಿದ್ದ ಕಾಯಿ ಆಯಿ."

ಯಾರೂ ಎದುರಾಡುವುದಿಲ್ಲ. ಸುನಂದಾ ಮಾತ್ರ ಒಂದು ನಗೆ ನಕ್ಕು ಬುಟ್ಟಿ ಎತ್ತಿಕೊಳ್ಳುತ್ತಾರೆ.

ಈ ಹಂಚಿಕೆಯ ಮರ್ಮ ಬಿಸಿಲೇರುವ ಹೊತ್ತಿಗೆ ನನ್ನ ಮಂದ ತಲೆಗೂ ಹೊಳೆಯತೊಡಗುತ್ತದೆ. ನೀಲವ್ವ ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಆದರೆ ಮುಳ್ಳಿನ ಟೊಂಗೆಗಳ ನಡುವೆ ಅವರ ಮೈ ನುಸುಳುವುದನ್ನು ನೋಡಿದರೆ ಗಿಡವೇ ಸರಿದು ದಾರಿ ಬಿಡುತ್ತದೇನೋ ಅನಿಸುತ್ತದೆ. ಲಾಲಬಿಯ ಹಾಡು ಬೇಸರ ಕಳೆಯಲಿಕ್ಕಷ್ಟೇ ಅಲ್ಲ, ಅದರ ಓಟಕ್ಕೆ ಎಲ್ಲರ ಕೈ ಓಡುತ್ತದೆ. ಐಶ್ವರ್ಯ ಗಣಿತದಲ್ಲಿಯೇ ಪಿಯುಸಿ ಫೇಲಾದ ಹುಡುಗಿ. ಒಂದು ಹಿಡಿಗೆ ಐದು ಕಾಯಿ ಎತ್ತಿ ಚೀಲಕ್ಕೆ ಹಾಕುತ್ತ, ನಡುವೆ ನನ್ನ ಜೊತೆ ಹರಟುತ್ತ, ಸಾವಿರ ಕಾಯಿಯ ಒಂದು ಡಾಗಕ್ಕೆ ಸರಿಯಾಗಿ ಬಾಯಿ ಕಟ್ಟುತ್ತಾಳೆ. ಇಂಥ ಡಾಗಗಳು ದಿನಕ್ಕೆ ಇಪ್ಪತ್ತೈದರ ಆಸುಪಾಸು ಏಳುತ್ತವೆ. ಇಷ್ಟೇ ಜನರ ಬೇರೆ ಗ್ಯಾಂಗುಗಳು ಇಪ್ಪತ್ತು ದಾಟಲು ಒದ್ದಾಡುತ್ತವೆ ಎಂದು ತೋಟದವರು ಹೇಳುತ್ತಾರೆ.

ನನ್ನನ್ನು ಇಲ್ಲಿಗೆ ಕಳಿಸಿದವರು ಧೀರೇಂದ್ರ. ಮನಶ್ಶಾಸ್ತ್ರದ ಉಪನ್ಯಾಸಕರು, ಈ ತೋಟ ಅವರ ಮನೆಯದೇ. ಬಸವನ ಬಾಗೇವಾಡಿಯಲ್ಲಿ ಅವರು ಮಕ್ಕಳಿಗೊಂದು ಶಿಬಿರ ನಡೆಸಿದ್ದರು. ಬುದ್ಧಿ ಎನ್ನುವುದು ಒಂದೇ ಅಲ್ಲ, ಮಾತಿನದು, ಲೆಕ್ಕದ್ದು, ರಾಗದ್ದು, ಮೈಯದ್ದು ಹೀಗೆ ಹಲವು. ಯಾವುದರಲ್ಲಿ ನಾವು ಗಟ್ಟಿ, ಯಾವುದರಲ್ಲಿ ಸೊರಗಿದ್ದೇವೆ ಎಂದು ನಾವೇ ಕಂಡುಕೊಳ್ಳಬೇಕು ಎಂದು ಅವರು ಸೊಗಸಾಗಿ ವಿವರಿಸಿದರು. ವರದಿಗೆ ಹೋಗಿದ್ದ ನಾನೂ ಪ್ರಶ್ನೆಗಳಿಗೆ ಉತ್ತರ ಗೀಚಿದೆ. ಎಲ್ಲದರಲ್ಲೂ ನನಗೆ ನಾನೇ ಧಾರಾಳವಾಗಿ ಅಂಕ ಕೊಟ್ಟುಕೊಂಡದ್ದನ್ನು ನೋಡಿ ಅವರು ನಕ್ಕುಬಿಟ್ಟರು. "ನೀವು ಇಂದುಬಾಯಿ ಹತ್ರ ಹೋಗ್ರಿ. ನಾ ಹಾಳಿಮ್ಯಾಲ ಮಾಡೂದನ್ನ ಆಕಿ ಒಂದು ಕೊಡದಾಗ ಮಾಡ್ತಾಳ."

ಕೊಡ ಎಂದರೆ ನಿಜವಾದ ಕೊಡವೇ. ತೋಟದ ಕಟ್ಟೆಯ ಮೇಲೆ ಕೂತಿದೆ, ತಗ್ಗು ಬಿದ್ದ ಹಳೆಯ ಸ್ಟೀಲಿನ ಕೊಡ. ಗ್ಯಾಂಗಿಗೆ ಹೊಸಬರು ಬಂದರೆ ಮೊದಲ ದಿನ ಅವರಿಗೆ ಗಿಡವಿಲ್ಲ. ಕೈಗೆ ಈ ಕೊಡ ಕೊಟ್ಟು "ನೀರು ತಗೊಂಡ ಬಾ" ಎನ್ನುತ್ತಾರೆ ಇಂದುಬಾಯಿ. ಎಲ್ಲಿಂದ, ಎಷ್ಟು, ಯಾರಿಗೆ ಎಂದು ಹೇಳುವುದಿಲ್ಲ.

ಊಟದ ಹೊತ್ತಿಗೆ ಆ ಕೊಡ ನನ್ನ ಕೈಗೇ ಬರುತ್ತದೆ. ಹೆಣ್ಣುಮಕ್ಕಳೆಲ್ಲ ರೊಟ್ಟಿ ಬಿಟ್ಟು ನನ್ನನ್ನೇ ನೋಡುತ್ತಾರೆ. ಮರ್ಯಾದೆ ಪ್ರಶ್ನೆ. ಹೋಗುತ್ತೇನೆ, ದಾರಿ ತಪ್ಪಿ ಯಾರದೋ ಜೋಳದ ಹೊಲ ಹೊಕ್ಕು, ಸುತ್ತು ಹಾಕಿ ಒಂದು ಬೋರು ಕಂಡು, ಅಲ್ಲಿದ್ದವರ ಜೊತೆ ಅದೂ ಇದೂ ಮಾತಾಡಿ, ಹೆಗಲ ಮೇಲೆ ಹೊತ್ತು ಬರುತ್ತೇನೆ. ಪ್ಯಾಂಟು ಪೂರ್ತಿ ತೊಯ್ದಿದೆ, ಕೊಡದಲ್ಲಿ ಅರ್ಧ ಉಳಿದಿದೆ. "ಕೊಡ ನೆಟ್ಟಗಿಲ್ಲ, ತಗ್ಗು ಬಿದ್ದೈತಿ" ಎಂದು ಗೊಣಗಿ ಕೆಳಗಿಡುತ್ತೇನೆ.

ದಾರಿಯ ಕಥೆಯೆಲ್ಲ ನನ್ನ ಬಾಯಿಂದಲೇ ಕೇಳಿಕೊಂಡು ಇಂದುಬಾಯಿ ತೀರ್ಪು ಹೇಳುತ್ತಾರೆ. "ಸರ್ರ, ನಿಮಗ ಮಾತಿನ ಬುದ್ಧಿ ಐತಿ. ಮಂದಿ ಬುದ್ಧೀನೂ ಐತಿ, ಬೋರಿನವ್ರ ಮನಿತನ ಪೂರಾ ಕೇಳಕೊಂಡ ಬಂದೀರಿ. ದಾರಿ ಬುದ್ಧಿ ಇಲ್ಲ, ಮೈ ಬುದ್ಧಿ ಅಂತೂ ಕೇಳಬ್ಯಾಡ್ರಿ. ಇಷ್ಟು ಮಂದಿ ಕುಡಿಯಾಕ ಎಷ್ಟು ಬೇಕು ಅಂತ ಲೆಕ್ಕಾ ಹಾಕಲಿಲ್ಲ. ಹಾದ್ಯಾಗ ಜೋಳ ತೆನಿ ಕಟ್ಟೈತೋ ಇಲ್ಲೋ ಅಂದ್ರ ನೋಡಿಲ್ಲಂತೀರಿ. ಇವೆಲ್ಲಾ ಇರಲಿ, ಯಾರಿಗೂ ಎಲ್ಲಾ ಇರಂಗಿಲ್ಲ. ಆದ್ರ ನೀರು ನೀವು ಚೆಲ್ಲಿ, ಕೊಡ ನೆಟ್ಟಗಿಲ್ಲ ಅಂದ್ರಿ ನೋಡ್ರಿ, ತನ್ನನ್ನ ತಾ ತಿಳಿಯೂ ಬುದ್ಧಿ, ಅದರಾಗ ನೀವು ನಾಪಾಸು."

ಹತ್ತೂ ಮಂದಿ ಬಿದ್ದುಬಿದ್ದು ನಗುತ್ತಾರೆ. ನಾನು ನಗುತ್ತಲೇ ಒಳಗೊಳಗೆ ಬೆರಗಾಗುತ್ತೇನೆ. ಶಿಬಿರದಲ್ಲಿ ಇಡೀ ಮಧ್ಯಾಹ್ನ ತೆಗೆದುಕೊಂಡ ವಿಷಯ ಈ ತಾಯಿಗೆ ಒಂದು ರೊಟ್ಟಿ ಮುರಿಯುವಷ್ಟರಲ್ಲಿ ಮುಗಿದಿತ್ತು.

ಇಂದುಬಾಯಿಯ ತವರು ಮುಳವಾಡ. ಎರಡನೆಯ ತರಗತಿಗೆ ಶಾಲೆ ನಿಂತಿತು. "ಮಗ್ಗಿ ಬರಲಿಲ್ಲಂತ ಮಾಸ್ತರು ದಡ್ಡಿ ಅಂದ್ರು. ಅವ್ರ ಹತ್ರ ಇದ್ದದ್ದು ಒಂದ ತಕ್ಕಡಿರಿ, ಅದರಾಗ ನಾ ಹಗೂರ ಆದ್ನಿ," ಎನ್ನುತ್ತಾರೆ, ದೂರಿನ ದನಿಯಿಲ್ಲದೆ. ಇಂಡಿ ಕಡೆಗೆ ಮದುವೆಯಾಗಿ ಬಂದ ಮೇಲೆ ಲಿಂಬೆ ತೋಟದ ಕೂಲಿ. ಅಲ್ಲಿ ಎಲ್ಲರಿಗೂ ಒಂದೇ ಕೆಲಸ ಹಚ್ಚುತ್ತಿದ್ದರು, ಆಗದವರನ್ನು ಬೈದು ಓಡಿಸುತ್ತಿದ್ದರು. ಓಡಿಸಿದವರನ್ನೇ ಒಬ್ಬೊಬ್ಬರಾಗಿ ಕೂಡಿಸಿಕೊಂಡು ಇಂದುಬಾಯಿ ಈ ಗ್ಯಾಂಗು ಕಟ್ಟಿದರು. ಗಂಡ ಪರಪ್ಪ ಸಿಂದಗಿಯ ಹೋಟೆಲಿನಲ್ಲಿ ಭಜಿ ಕರಿಯುತ್ತಾರೆ. "ನನ್ನ ಬುದ್ಧಿ ಎಲ್ಲಾ ಕಡಾಯ್ಯಾಗ ಐತಿ ಅಂತ ಮದುವ್ಯಾದ ವಾರದಾಗ ಹೇಳಿದ್ಳು ಆಕಿ," ಎಂದು ಅವರು ಹೆಮ್ಮೆಪಡುತ್ತಾರೆ.

"ನಿಮ್ಮ ಕೊಡ ಯಾರು ನೋಡಿದ್ದಾರೆ?" ಎಂದು ನಾನು ಕೇಳುತ್ತೇನೆ. ಕೇಳಬಾರದ್ದನ್ನು ಕೇಳಿದೆನೋ ಏನೋ. ಇಂದುಬಾಯಿ ಕೈ ಝಾಡಿಸಿ ಎದ್ದು ಗಿಡದ ಕಡೆ ನಡೆದುಬಿಡುತ್ತಾರೆ.

ಆಮೇಲೆ ಲಾಲಬಿ ದನಿ ತಗ್ಗಿಸಿ ವಿಷಯ ಹೇಳುತ್ತಾರೆ. ಧೀರೇಂದ್ರರ ತೋಟದ ಕೊಯ್ಲು ನಾಳೆಗೆ ಮುಗಿಯುತ್ತದೆ. ಆಮೇಲೆ ಬೇಸಿಗೆಯಿಡೀ ಇವರನ್ನು ಸಾಕುವುದು ಗುರುಲಿಂಗಪ್ಪನವರ ದೊಡ್ಡ ತೋಟ. ಹೋದ ವಾರ ಇವರು ಒಂದು ದಿನದ ಮಟ್ಟಿಗೆ ಅಲ್ಲಿ ಕಾಯಿ ಕೀಳಲು ಹೋಗಿದ್ದಾಗ ಗುರುಲಿಂಗಪ್ಪ ಬಂದವರು, ಟೊಂಗೆ ಮುರಿದದ್ದು ಕಂಡು ನಿಮ್ಮವರ ಕೈ ಒರಟು ಎಂದರು. ಇಂದುಬಾಯಿ ಅಲ್ಲೇ ತಿರುಗಿ ನಿಂತರು: "ಕೈ ಒರಟಲ್ಲರಿ, ಗಿಡಕ್ಕ ನೀರು ಕಾಣಿಸಿಲ್ಲ ನೀವು. ಒಣಗಿದ ಟೊಂಗಿ ಮುರೀದ ಏನು ಮಾಡೀತು?" ಮಾತು ನೂರಕ್ಕೆ ನೂರು ನಿಜ. ಆದರೆ ಗುರುಲಿಂಗಪ್ಪನವರ ಪಕ್ಕದಲ್ಲಿ ಆಗ ನಿಂತಿದ್ದವರು ಹೊಸ ಬೀಗರು! ಬೀಗರ ಮುಂದೆ ತೋಟ ತೋರಿಸುತ್ತಿದ್ದ ಮನುಷ್ಯನಿಗೆ ಇದಕ್ಕಿಂತ ಅವಮಾನ ಬೇಕೆ? ಇನ್ನು ನನ್ನ ತೋಟದಲ್ಲಿ ಕಾಲಿಡಬೇಡಿ ಎಂದುಬಿಟ್ಟರು.

"ಸುಳ್ಳು ಹೇಳಿಲ್ಲ ನಾ, ಅಂತ ಹಟ ಹಿಡದಾಳ್ರಿ ಇಂದಕ್ಕ," ಎನ್ನುತ್ತಾರೆ ಲಾಲಬಿ. "ಖರೇನ ಹೇಳ್ಯಾಳ. ಖರೇ ಹೇಳಿದ್ದಕ್ಕ ಹನ್ನೊಂದು ಮನಿ ಒಲಿ ಆರೂ ಹೊತ್ತು ಬಂತು. ಬ್ಯಾರೆ ತೋಟಕ್ಕೆಲ್ಲಾ ಬ್ಯಾರೆ ಗ್ಯಾಂಗ್ ಅದಾವ. ಈಗ ಆಕಿಗೆ ಹೇಳವ್ರು ಯಾರು?"

ಮರುದಿನ ಕೊಯ್ಲು ಮುಗಿಯುತ್ತದೆ. ಅದರ ಮರುದಿನ ಅಮಾವಾಸ್ಯೆ, ಕೆಲಸಕ್ಕೆ ರಜೆ. ರಸ್ತೆಯ ಬೇವಿನ ಗಿಡದ ಕೆಳಗೆ ಎಲ್ಲರೂ ಶೇಂಗಾ ಹೋಳಿಗೆಯ ಗಂಟು ಬಿಚ್ಚಿಕೊಂಡು ಕೂತಿದ್ದಾರೆ. ನನ್ನನ್ನೂ ಕರೆದಿದ್ದಾರೆ. ಊಟ ಇನ್ನೂ ಶುರುವಾಗಿಲ್ಲ, ಲಾಲಬಿ ಎದ್ದು ಆ ಹಳೆಯ ಕೊಡವನ್ನು ತಂದು ಇಂದುಬಾಯಿಯ ಮುಂದೆ ಇಡುತ್ತಾರೆ.

"ಇಂದಕ್ಕ, ಇವತ್ತ ನೀ ಹೋಗು. ಗುರುಲಿಂಗಪ್ಪ ಸಾವ್ಕಾರ್ರ ಬೋರಿನ ನೀರು ತಗೊಂಡ ಬಾ."

ಇಂದುಬಾಯಿ ಕೊಡವನ್ನು ನೋಡುತ್ತಾರೆ, ಒಬ್ಬೊಬ್ಬರ ಮುಖ ನೋಡುತ್ತಾರೆ, ಸೆರಗು ಬಿಗಿದು ಕೊಡ ಎತ್ತಿ ನಡೆಯುತ್ತಾರೆ.

ನಾವು ಕೂತಲ್ಲಿಂದ ಎಲ್ಲ ಕಾಣುತ್ತದೆ. ರಸ್ತೆಯಾಚೆ ಗುರುಲಿಂಗಪ್ಪನವರ ತೋಟ, ಗೇಟು ತೆರೆದಿದೆ. ಒಳಗೆ ಹೊರಸಿನ ಮೇಲೆ ಗುರುಲಿಂಗಪ್ಪ ಕೂತಿದ್ದಾರೆ, ಆಚೆ ಪೈಪಿನಿಂದ ನೀರು ಸುರಿಯುತ್ತಿದೆ. ಇಂದುಬಾಯಿ ಗೇಟಿಗೆ ಬಂದು ನಿಲ್ಲುತ್ತಾರೆ. ಬಹಳ ಹೊತ್ತು ನಿಲ್ಲುತ್ತಾರೆ. ಗುರುಲಿಂಗಪ್ಪ ತಲೆ ಎತ್ತಿ ನೋಡುತ್ತಾರೆ, ಇವರು ಬಾಯಿ ತೆರೆಯುವುದಿಲ್ಲ. ಆಮೇಲೆ ತಿರುಗಿ, ಹೊಲದ ಬದು ಹಿಡಿದು, ಬಿಸಿಲಿನಲ್ಲಿ ಚಿಕ್ಕವರಾಗುತ್ತಾ ಕಣ್ಣಿಗೆ ಮರೆಯಾಗುತ್ತಾರೆ.

ಹೋಳಿಗೆ ಯಾರಿಗೂ ಸೇರುವುದಿಲ್ಲ. ನೆರಳು ಸರಿದ ಮೇಲೆ ಅವರು ಮತ್ತೆ ಕಾಣಿಸುತ್ತಾರೆ, ತಲೆಯ ಮೇಲೆ ಕೊಡ, ಕೈಗಳೆರಡೂ ಬಿಟ್ಟಿವೆ. ಕಲ್ಲು, ಬದು, ತಗ್ಗು ದಾಟಿ ಬಂದು ಕೆಳಗಿಳಿಸಿದರೆ ಕೊಡ ಕಂಠಮಟ್ಟ ತುಂಬಿದೆ. ಸೀರೆಯ ಮೇಲೆ ಒಂದು ಹನಿ ಬಿದ್ದಿಲ್ಲ. ನಾನು ಬೆರಗಿನಿಂದ ಬಾಯಿ ತೆರೆದು ಕೂತಿದ್ದೇನೆ. ಲಾಲಬಿ ಒಂದು ಬೊಗಸೆ ಕುಡಿದು ಮೆಲ್ಲಗೆ ಹೇಳುತ್ತಾರೆ: "ಇದು ಕೆನಾಲ್ ನೀರೈತಿ."

ಈಗ ಏನಾದರೂ ನೆಪ ಬರುತ್ತದೆ ಎಂದು ಎಲ್ಲರೂ ಕಾಯುತ್ತೇವೆ. ಸಾವ್ಕಾರ್ರು ಮುಖ ತಿರುವಿದರು ಅನ್ನಬಹುದು, ಮೋಟರು ಕೆಟ್ಟಿತ್ತು ಅನ್ನಬಹುದು. ನಾನಾಗಿದ್ದರೆ ಖಂಡಿತ ಅನ್ನುತ್ತಿದ್ದೆ. ಇಂದುಬಾಯಿ ನೆಲಕ್ಕೆ ಕೂತು ತಮ್ಮ ಕೊಡವನ್ನೇ ದಿಟ್ಟಿಸುತ್ತಾರೆ. ಆಮೇಲೆ, ಬೇರೆ ಯಾರದೋ ಕೊಡ ನೋಡಿ ಹೇಳುವ ಹಾಗೆ ಹೇಳುತ್ತಾರೆ.

"ಈಕಿಗೆ ಮೈ ಬುದ್ಧಿ ಐತಿ. ದಾರಿ ಬುದ್ಧಿ ಐತಿ. ಕೇಳಾಕ ಬಾಯಿ ಬರಲಿಲ್ಲ. ನೀರು ಅಲ್ಲೇ ಸುರ್ಯಾಕತ್ತಿತ್ತು, ನಾ ಕೆನಾಲಿಗೆ ಹೋದ್ನಿ. ಗಿಡ ನೋಡಿ ಮಾತಾಡಾಕ ಬರತೈತಿ ನನಗ, ಮನಶ್ಯಾನ್ನ ನೋಡಿ ಮಾತಾಡಾಕ ಬರಂಗಿಲ್ಲ. ಬೀಗರು ನಿಂತಿದ್ದು ಅವತ್ತ ನನ್ನ ಕಣ್ಣಿಗೇ ಬಿದ್ದಿಲ್ಲರೆವ್ವಾ."

ಸುನಂದಾರ ಕಡೆ ತಿರುಗುತ್ತಾರೆ. "ನೀ ಮೊದಲನೇ ದಿನ ಬರೇ ಕೈಲೆ ಬಂದಿದ್ದಿ. ನೆನಪೈತಿ? ನಿನ್ನ ಹಿಂದ ನೀರು ಕೊಟ್ಟ ಹೊಲದ ಮನಿಯಾಕಿ ತಾನ ಕೊಡ ಹೊತಗೊಂಡು ಬಂದಿದ್ಳು, ನಕ್ಕೋಂತ. ಇದು ಮೈಗಳ್ಳಿ ಅಂದಕೊಂಡು ನಿನ್ನ ಬಿದ್ದ ಕಾಯಿಗೆ ಹಚ್ಚಿದ್ನಿ. ನನಗ ಇಲ್ಲದ ಬುದ್ಧಿ ನಿನ್ನ ಹತ್ರ ಇತ್ತು, ಅದಕ್ಕ ನನಗ ಕಾಣಲಿಲ್ಲ. ಇಷ್ಟು ವರ್ಷ ಬಗ್ಗಿಸಿ ಇಟ್ಟೆ ನಿನ್ನ."

ಸುನಂದಾ ಅಳುತ್ತಾರೆ. ಲಾಲಬಿಯೂ ಅಳುತ್ತಾರೆ. ನನ್ನ ಕಣ್ಣೂ ಒದ್ದೆಯಾದದ್ದನ್ನು ಮುಚ್ಚಿಡುವುದೇಕೆ? ತನ್ನಲ್ಲಿ ಏನಿಲ್ಲ ಎಂಬುದನ್ನು ತನ್ನ ಕೈಕೆಳಗಿನವರ ಮುಂದೆ, ಹಗಲು ಬೆಳಕಿನಲ್ಲಿ, ನೆಪವಿಲ್ಲದೆ ಹೇಳಿದ ಮನುಷ್ಯರನ್ನು ನಾನು ಇದಕ್ಕೂ ಮುಂಚೆ ನೋಡಿರಲಿಲ್ಲ.

"ಇನ್ನ ಮ್ಯಾಲ ಮಂದಿ ಜೋಡಿ ಮಾತು, ಗಿಡ ಹಂಚೂದು, ಎಲ್ಲಾ ನಿಂದ," ಎನ್ನುತ್ತಾರೆ ಇಂದುಬಾಯಿ. "ಹೋಗು, ಸಾವ್ಕಾರ್ರನ್ನ ಕಂಡ ಬಾ."

ಸುನಂದಾ ಮುಖ ಒರೆಸಿಕೊಂಡು, ಒಂದು ಡಬ್ಬಿಯಲ್ಲಿ ಹೋಳಿಗೆ ಹಾಕಿಕೊಂಡು ಹೋಗುತ್ತಾರೆ. ಅಲ್ಲಿ ಆಡಿದ ಮಾತನ್ನು ಸಂಜೆ ನನಗೆ ಹೇಳಿದವರು ಗುರುಲಿಂಗಪ್ಪನವರೇ. "'ಸಾವ್ಕಾರ್ರ, ಬೀಗರ ಮುಂದ ಅಂದದ್ದು ನಮ್ಮ ತಪ್ಪು. ಗಿಡಕ್ಕ ನೀರು ಬೇಕು ಅನ್ನೂದು ಖರೇ. ತಪ್ಪು ನಾವು ಇಟ್ಗೊಂತೇವಿ, ಖರೇ ನೀವು ಇಟ್ಗೋರಿ' ಅಂದ್ಳರಿ ಆ ಹೆಣ್ಮಗಳು. ಸಿಟ್ಟು ಎಲ್ಲಿ ಹಿಡಕೊಂಡು ಕುಂಡರಲಿ? ನಾಳಿಂದ ಬರ್ರಿ ಅಂದ್ನಿ. ಇಂದುಬಾಯಿನ್ನ ಬಿಟ್ಟು ಬರಬ್ಯಾಡ್ರಿ ಅಂತನೂ ಹೇಳೀನಿ. ನನ್ನ ಗಿಡದ ಹಕೀಕತ್ತು ನನಗಿಂತ ಆಕಿಗೆ ಗೊತ್ತು."

ಮರುದಿನ ಮತ್ತೆ ಅದೇ ಮಬ್ಬು, ಈ ಸಲ ಗುರುಲಿಂಗಪ್ಪನವರ ತೋಟದಲ್ಲಿ. ಮಡಿಗಳಲ್ಲಿ ನೀರು ಹರಿದು ಮಣ್ಣು ಮೆತ್ತಗಾಗಿದೆ. ಸಾಲಿನ ಎದುರು ಸುನಂದಾ ನಿಂತಿದ್ದಾರೆ. ದನಿ ಇನ್ನೂ ಸಂಕೋಚದ್ದು. ನೀಲವ್ವನಿಗೆ ಎತ್ತರದ ಗಿಡ, ಲಾಲಬಿಗೆ ನಡುವಿನ ಸಾಲು, ಐಶ್ವರ್ಯಳಿಗೆ ಚೀಲ. ಬಿದ್ದ ಕಾಯಿ ದಿನಕ್ಕೊಬ್ಬರು ಆಯಬೇಕು ಎಂಬುದು ಹೊಸ ಹಂಚಿಕೆ. ಹಂಚಿ ಹಂಚಿ ಕೊನೆಗೆ ಒಬ್ಬರು ಉಳಿಯುತ್ತಾರೆ.

ತಲೆಗೆ ಟಾವೆಲ್ ಬಿಗಿಯುತ್ತ ಇಂದುಬಾಯಿ ಕೇಳುತ್ತಾರೆ, "ನನಗ ಯಾವ ಗಿಡ?"

ಸುನಂದಾ ಅವರ ಮುಖವನ್ನು ಒಂದು ಗಳಿಗೆ ನೋಡಿ, ತೋಟದ ತುದಿಯತ್ತ ಕೈ ತೋರಿಸುತ್ತಾರೆ. ಅಲ್ಲಿ ಎಲ್ಲಕ್ಕಿಂತ ಹಳೆಯ ಗಿಡವಿದೆ, ಟೊಂಗೆ ಅರ್ಧ ಒಣಗಿದೆ, ಮೈತುಂಬ ಮುಳ್ಳು. ಬೀಗರ ಮುಂದೆ ಜಗಳವಾದದ್ದು ಅದರ ಕೆಳಗೇ.

ಇಂದುಬಾಯಿ ನನ್ನತ್ತ ಬಾಗಿ, ಯಾರಿಗೂ ಕೇಳದಂತೆ ಹೇಳುತ್ತಾರೆ: "ನೋಡಿದ್ರಿ? ಆ ಗಿಡ ಬ್ಯಾರೆ ಯಾರಿಗೆ ಕೊಟ್ರೂ ಟೊಂಗಿ ಉಳಿಯಂಗಿಲ್ಲ. ಮುಖ ನೋಡಿ ಕೊಟ್ಳರಿ ಆಕಿ." ಬಿದಿರು ಹೆಗಲಿಗೇರಿಸಿ, ಹೊಸದಾಗಿ ಕೆಲಸಕ್ಕೆ ಸೇರಿದವರ ಹುರುಪಿನಲ್ಲಿ, ತಮ್ಮ ಗಿಡದ ಕಡೆ ನಡೆಯುತ್ತಾರೆ.