ತಳಕಿನ ಬಳಿ ನಿಂತ ಹೊಸ ಕಾರು

ಕಳೆದ ವರ್ಷ ಶ್ರಾವಣದ ಮೊದಲ ಸೋಮವಾರ, ಚಳ್ಳಕೆರೆಯ ಶೋರೂಮಿನಿಂದ ಮೊಳಕಾಲ್ಮುರಿಗೆ ತರುತ್ತಿದ್ದ ನಮ್ಮ ಹೊಸ ಕಾರು ತಳಕು ದಾಟಿದ ಮೇಲೆ ತಾನಾಗಿಯೇ ಆಫ್ ಆಯಿತು. ಸ್ಟೇರಿಂಗ್ ಬಿಗಿಯಾಯಿತು. ಹೇಗೋ ರಸ್ತೆಯ ಅಂಚಿಗೆ ತಂದು ನಿಲ್ಲಿಸಿದೆ. ಸ್ವಲ್ಪ ಹೊತ್ತು ಬಿಟ್ಟು ಕೀ ತಿರುಗಿಸಿದಾಗ ಸ್ಟಾರ್ಟ್ ಆಯಿತು.

ಕಾರು ಕೊಂಡದ್ದು ಅವ್ವನಿಗಾಗಿ. ಮೊಣಕಾಲು ಸವೆದು ಅವಳಿಗೆ ಬಸ್ಸಿನ ಮೆಟ್ಟಿಲು ಹತ್ತುವುದು ಕಷ್ಟವಾಗಿತ್ತು. ಅಂದು ಅವಳೂ ಹಿಂದಿನ ಸೀಟಿನಲ್ಲಿದ್ದಳು. ಶೋರೂಮಿಗೆ ಹೇಳೋಣವೆಂದು ಫೋನ್ ತೆಗೆದರೆ ತಡೆದಳು.

"ಯಾರಿಗೂ ಹೇಳಬ್ಯಾಡ. ಪೂಜೆ ಆಗೋಕೆ ಮುಂಚೇನೇ ಗಾಡಿ ನಿಂತೋತು ಅಂದ್ರೆ ಊರೋರ ಬಾಯಿ ಸುಮ್ನಿರ್ತೈತಾ? ಪೂಜೆ ಮಾಡಿದ್ರೆ ಎಲ್ಲ ಸರಿಹೋಗ್ತೈತೆ."

ನಾನು ಫೋನನ್ನು ಜೇಬಿಗೆ ಹಾಕಿಕೊಂಡೆ.

ನಮ್ಮ ಮನೆಯಲ್ಲಿ ಟ್ರ್ಯಾಕ್ಟರ್ ಆಗಲಿ, ಪಂಪ್‌ಸೆಟ್ ಆಗಲಿ, ಪೂಜೆಯ ದಿನ ಎಂಜಿನ್‌ಗೇ ವಿಭೂತಿ ಹಚ್ಚುವುದು ರೂಢಿ. ಮರುದಿನ ಬೆಳಿಗ್ಗೆ ಅವ್ವ ಬಾನೆಟ್ ತೆಗೆಸಿದಳು. ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯ್ದು, ಎಂಜಿನ್ ಮೇಲಿನ ಮುಚ್ಚಳಕ್ಕೆ ಮೂರು ಬೆರಳಿನಿಂದ ಪಟ್ಟೆ ಎಳೆದಳು.

ಆಮೇಲೆ ಕಾರು ಬಿ.ಜಿ.ಕೆರೆಯ ಬಳಿ ನಿಂತಿತು. ರಾಂಪುರದ ರಸ್ತೆಯಲ್ಲಿ ನಿಂತಿತು. ಒಮ್ಮೆ ಎದುರಿನಿಂದ ಲಾರಿ ಬರುತ್ತಿದ್ದಾಗಲೇ ನಿಂತಿತು. ಆಗ ದೂರು ಕೊಟ್ಟೆ. ಚಳ್ಳಕೆರೆಯ ಸರ್ವಿಸ್ ಸೆಂಟರಿನವರು ಕಾರು ಇಟ್ಟುಕೊಳ್ಳುವರು, ಸರಿಯಾಗಿದೆ ಎಂದು ಕೊಡುವರು, ಮನೆ ಮುಟ್ಟುವುದರೊಳಗೆ ಅದು ಮತ್ತೆ ನಿಲ್ಲುವುದು. ಕೊನೆಗೆ ಬೇರೆ ಕಾರು ಕೊಡಿ ಎಂದು ಕೇಳಿದೆ. ಅಂದು ಮ್ಯಾನೇಜರ್ ಬಾನೆಟ್ ಎತ್ತಿ ತೋರಿಸಿದರು.

"ಇದೇನ್ರಿ ಸಾರ್ ಇದು?"

"ವಿಭೂತಿ."

"ಎಂಜಿನ್ನಿಗೆ ಯಾರಾದ್ರೂ ವಿಭೂತಿ ಹಚ್ತಾರೇನ್ರಿ? ನೀರು ವೈರಿಂಗ್ ಒಳಗೆ ಇಳಿದೈತೆ. ವಾರಂಟಿ ಬರಲ್ಲ."

"ನೀವೂ ಹಣೆಗೆ ಹಚ್ಕಂಡಿದ್ದೀರಲ್ರಿ."

"ನನ್ ಹಣ್ಯಾಗೆ ವೈರಿಂಗ್ ಇಲ್ವಲ್ಲ ಸಾರ್."

ಅಲ್ಲಿದ್ದ ಮೆಕ್ಯಾನಿಕ್‌ಗಳು ನಕ್ಕರು. ನನಗೂ ನಗು ಬಂತು. ನಂತರ ಮ್ಯಾನೇಜರ್ ಒಂದು ದಾರಿ ಹೇಳಿದರು. ಪೂಜೆಯ ವೇಳೆ ಮನೆಯವರಿಂದಲೇ ನೀರು ತಗುಲಿ ಕಾರು ಕೆಟ್ಟಿತೆಂದು ನಾನು ಬರೆದುಕೊಡಬೇಕು, ಅವರು ವೈರಿಂಗನ್ನು ಪುಕ್ಕಟೆ ಬದಲಿಸುತ್ತಾರೆ, ಬೇರೆ ಕಾರಿನ ಮಾತು ಅಲ್ಲಿಗೆ ಮುಗಿಯಬೇಕು.

ಅವ್ವನಿಗೆ ಇದನ್ನು ಹೇಳಿದ್ದು ಕಷ್ಟಕ್ಕೆ ಬಂತು. ಕಾರು ಕೆಡಿಸಿದ್ದು ತಾನೇ ಎಂದು ಅವಳು ನಂಬಿಬಿಟ್ಟಳು.

"ಬರ್ಕೊಡಪ್ಪ ಅತ್ಲಾಗೆ. ಹಚ್ಚಿದ್ದು ನಾನೇ ಅಲ್ವಾ? ಅಲೆದೂ ಅಲೆದೂ ನಿನ್ನ ಮುಖ ಒಣಗೈತೆ."

"ತಳಕಿನತ್ರ ನಿಂತಾಗ ವಿಭೂತಿ ಎಲ್ಲಿತ್ತವ್ವ?"

ನಾನು ಬರೆದುಕೊಡಲಿಲ್ಲ. ಕಾರನ್ನು ಸರ್ವಿಸ್ ಸೆಂಟರಿನಲ್ಲೇ ಬಿಟ್ಟು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋದೆ. ಬಸ್ಸಿನಲ್ಲಿ ಚಿತ್ರದುರ್ಗಕ್ಕೆ ಹೋಗುವುದು, ಹೆಸರು ಕರೆಯುವವರೆಗೆ ಬೆಂಚಿನ ಮೇಲೆ ಕೂರುವುದು, ಮುಂದಿನ ತಾರೀಖು ಕೇಳಿಕೊಂಡು ಬರುವುದು. ಮಳೆಗಾಲ ಹೋಗಿ ಚಳಿಗಾಲ ಬಂದರೂ ಇದೇ ಆಯಿತು. ಪೂಜೆಗೆ ಮೊದಲು ಕಾರು ನಿಂತಿತ್ತೆನ್ನಲು ಪುರಾವೆ ಇಲ್ಲ, ದೂರುಗಳೆಲ್ಲ ಪೂಜೆಯ ನಂತರದವು ಎಂಬುದು ಕಂಪನಿಯ ವಕೀಲರ ವಾದ. ಎರಡನೆಯ ಮಾತು ನಿಜವಾಗಿತ್ತು.

ತಳಕಿನ ಬಳಿ ನಿಂತ ದಿನ ಕಾರಿನಲ್ಲಿದ್ದ ಇನ್ನೊಬ್ಬರು ಪ್ರಮಾಣ ಮಾಡಿ ಬರೆದುಕೊಟ್ಟ ಹೇಳಿಕೆ ಬೇಕು ಎಂದರು ನಮ್ಮ ವಕೀಲರು. ಅವ್ವ ಒಪ್ಪಲಿಲ್ಲ. ಹೊಸ ಗಾಡಿಯ ಅಪಶಕುನವನ್ನು ಕಾಗದದ ಮೇಲೆ ಹಾಕುವುದು ಅವಳಿಗೆ ಬೇಡವಾಗಿತ್ತು. ಆ ನಡುವೆ ಪಕ್ಕದ ಮನೆಯಾಕೆ ನೀರು ಹಿಡಿಯುವಾಗ ಅವಳನ್ನು ಕೇಳಿದಳು: "ಏನಕ್ಕಯ್ಯಾ, ಇಭೂತಿ ಹಚ್ಚಿ ಹೊಸ ಕಾರೇ ಕೆಡಿಸಿಬಿಟ್ರಂತೆ?"

ಮರುದಿನ ಅವ್ವ ಸೀರೆ ಬದಲಿಸಿಕೊಂಡು ಬಂದಳು. "ನಡಿ, ಆ ವಕೀಲರತ್ರ ಹೋಗಾನ."

ಕಂಡಕ್ಟರ್ ಮೇಲಿನಿಂದ, ನಾನು ಕೆಳಗಿನಿಂದ ಹಿಡಿದು ಅವಳನ್ನು ಬಸ್ಸು ಹತ್ತಿಸಿದೆವು. ಚಳ್ಳಕೆರೆಯ ಕಚೇರಿಯಲ್ಲಿ ನಮ್ಮ ವಕೀಲರು ಕೇಳಿದರು: "ಅವ್ವಾರೆ, ಗಾಡಿ ನಿಂತ ದಿನಾನೇ ಯಾಕೆ ಹೇಳ್ಲಿಲ್ಲ?"

"ಹೊಸ ಗಾಡಿ ದಾರ್ಯಾಗೆ ನಿಂತೋತು ಅಂತ ಡಂಗೂರ ಹೊಡೀಲೇನ್ರಿ? ಇವನು ಫೋನ್ ಮಾಡ್ತೀನಿ ಅಂದ. ಬ್ಯಾಡ ಅಂದೋಳು ನಾನು. ಅದನ್ನೂ ಬರ್ಕಳ್ರಿ."

ವಕೀಲರು ಅದನ್ನೂ ಬರೆದುಕೊಂಡರು. ಪೂರ್ತಿ ಓದಿಸಿ ಕೇಳಿ ಅವಳು ಸಹಿ ಹಾಕಿದಳು.

ಅದಾದ ಮೇಲೆ ಆಯೋಗ ಕಾರನ್ನು ಪರೀಕ್ಷಿಸಲು ಒಬ್ಬ ತಜ್ಞರನ್ನು ನೇಮಿಸಿತು. ವೈರಿಂಗ್ ಒಳಗೆ ನೀರಿನ ಗುರುತಿಲ್ಲ, ವಿಭೂತಿ ಪ್ಲಾಸ್ಟಿಕ್ ಮುಚ್ಚಳ ದಾಟಿಲ್ಲ, ದೋಷ ಇರುವುದು ಇಂಧನದ ಪಂಪಿನಲ್ಲಿ, ಅದು ತಯಾರಿಕೆಯದೇ ದೋಷ ಎಂದು ಅವರು ವರದಿ ಕೊಟ್ಟರು. ಮನೆಗೆ ಬಂದು ಅವ್ವನಿಗೆ ಓದಿದೆ.

"ಮುಚ್ಚಳದ್ದು ಐತಲ್ಲ, ಅದಿನ್ನೊಂದ್ಸಲ ಓದು," ಎಂದಳು. ಓದಿದೆ.

ಕಂಪನಿ ಆ ವರದಿಗೆ ತಕರಾರು ಸಲ್ಲಿಸಿದೆ. ಮುಂದಿನ ವಿಚಾರಣೆ ದೀಪಾವಳಿಯ ನಂತರ.